ನನ್ನ ಪಾಲಿನ ಹಾಲು

ಶ್ರಾವಣದ ಒಂದು ಸಂಜೆ ನಮ್ಮ ಓಣಿಯ ಅನುಭಾವ ಗೋಷ್ಠಿಯಲ್ಲಿ ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ಸಂಗತಿ ಸೇರಿಸಿದ್ದೇನೆ, ಉಳಿದದ್ದೆಲ್ಲ ಹೇಳಿದ ಹಾಗೆಯೇ ಇದೆ.

ಎಲ್ಲರಿಗೂ ಶರಣು ಶರಣಾರ್ಥಿ.

ನನಗೆ ಕೊಟ್ಟ ವಿಷಯ 'ಶರಣರು ಮತ್ತು ಹಬ್ಬಗಳು'. ಅದು ಬಹಳ ದೊಡ್ಡದು. ನಾನು ಒಂದೇ ಹಬ್ಬ ಹಿಡಿದುಕೊಳ್ಳುತ್ತೇನೆ, ಪಂಚಮಿ. ಕಾರಣ ಇಷ್ಟೇ, 22 ವರ್ಷದಿಂದ ನಾನು ನಾಗಪ್ಪನಿಗೆ ಹಾಲು ಹಾಕಿಲ್ಲ. ಇದು ಓಣಿಗೆಲ್ಲ ಗೊತ್ತು. ಆದರೆ ಯಾಕೆ ಅಂತ ಒಮ್ಮೆಯೂ ಕೂತು ಹೇಳಿಲ್ಲ. ಕೇಳಿದವರಿಗೆಲ್ಲ 'ನಾ ಬಿಟ್ಟೀನ್ರಿ' ಅಂತ ಒಂದು ಮಾತು ಹೇಳಿ ಮುಂದೆ ಹೋಗಿದ್ದೇನೆ. ಇವತ್ತು ಪೂರ್ತಿ ಹೇಳುತ್ತೇನೆ.

ಬೆಂಗಳೂರು, ಮೈಸೂರು ಕಡೆಯಿಂದ ಬಂದವರೂ ಇಲ್ಲಿದ್ದೀರಿ. ನಿಮ್ಮ ಕಡೆ ನಾಗರಪಂಚಮಿ ಅಂದರೆ ಬೆಳಿಗ್ಗೆ ತನಿ ಎರೆದು ಬರುವ ಒಂದು ದಿನದ ಹಬ್ಬ ಇರಬಹುದು. ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ, ವರ್ಷಕ್ಕೆಲ್ಲ ಅದೇ ದೊಡ್ಡದು. ವಾರ ಇರುವಾಗಲೇ ತವರಿನಿಂದ ಅಣ್ಣನೋ ತಮ್ಮನೋ ಕರೆಯೋಕೆ ಬರಬೇಕು. ಒಂದು ದಿನ ತಡವಾದರೂ ಮನೆಯ ಸೊಸೆ ಒಲೆಯಿಂದ ಬಾಗಿಲಿಗೆ ಹತ್ತು ಸಲ ಬಂದು ನೋಡುತ್ತಾಳೆ. ಮೊದಲು ರೊಟ್ಟಿ ಹಬ್ಬ, ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ, ಇದೆಲ್ಲ ಮನೆಯಿಂದ ಮನೆಗೆ ಹೋಗುತ್ತದೆ. ಆಮೇಲೆ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ತಂಬಿಟ್ಟು, ಜೋಳದ ಅಳ್ಳು. ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಾರೆ, ಅಜ್ಜಿಯಾದವರೂ ಸೀರೆ ಸೆರಗು ಸಿಕ್ಕಿಸಿಕೊಂಡು ಜೀಕುತ್ತಾರೆ. ಗಂಡುಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ತಿರುಗಿಸುತ್ತಾ ಓಡಾಡುತ್ತಾರೆ. ಆ ದಿನ ಹಂಚು ಇಡಬಾರದು, ನೆಲ ಅಗೆಯಬಾರದು.

ಇದೆಲ್ಲದರ ನಡುವೆ ಹಾಲು. ಹುತ್ತಕ್ಕೋ ಕಟ್ಟೆಯ ಮೇಲಿನ ಕಲ್ಲು ನಾಗಪ್ಪನಿಗೋ ಹೋಗಿ, ಕೊಬ್ಬರಿ ಚೂರನ್ನು ಹಾಲಿನಲ್ಲಿ ಅದ್ದಿ, ಒಬ್ಬೊಬ್ಬರ ಹೆಸರಲ್ಲಿ ಬಿಡುತ್ತಾರೆ. ದೇವರ ಪಾಲು, ಗುರುವಿನ ಪಾಲು, ಅಜ್ಜನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು. ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ಪಾಲು. ಊರು ಬಿಟ್ಟು ಹೋದವರ ಪಾಲು, ಹೊಟ್ಟೆಯಲ್ಲಿರುವ ಕೂಸಿನ ಪಾಲು ಕೂಡ. ನಮ್ಮ ಅವ್ವ ಹಾಕುವಾಗ ನಾನು ಪಕ್ಕದಲ್ಲಿ ನಿಂತು, ನನ್ನ ಹೆಸರು ಯಾವಾಗ ಬರುತ್ತದೆ ಅಂತ ಕಾಯುತ್ತಿದ್ದೆ. ಇದನ್ನು ಇಷ್ಟು ವಿವರವಾಗಿ ಯಾಕೆ ಹೇಳಿದೆ ಅಂದರೆ, ನಾನು ಬಿಟ್ಟದ್ದು ಏನು ಅಂತ ನಿಮಗೆ ಗೊತ್ತಾಗಬೇಕು. ಕೆಟ್ಟದ್ದನ್ನು ಬಿಡುವುದು ಸುಲಭ. ನಾನು ಬಿಟ್ಟದ್ದರಲ್ಲಿ ನಮ್ಮ ಅವ್ವನ ದನಿ ಇತ್ತು.

ಬಿಟ್ಟದ್ದು ಹೇಗೆ ಅಂತ ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ವೈಶಾಖದಲ್ಲಿ ಬಸವ ಜಯಂತಿ ಬಂದರೆ ನನ್ನದೇ ಭಾಷಣ. ಕಲ್ಲಿನ ನಾಗರ ಕಂಡರೆ ಹಾಲೆರೆ ಅನ್ನುತ್ತಾರೆ, ದಿಟದ ನಾಗರ ಕಂಡರೆ ಕೊಲ್ಲು ಅನ್ನುತ್ತಾರೆ ಅಂತ ಬಸವಣ್ಣ ಹೇಳಿದ ವಚನ ನಿಮಗೆಲ್ಲ ಬಾಯಿಪಾಠ ಅಲ್ವಾ, ಅದನ್ನೇ ವರ್ಷಾ ವರ್ಷಾ ಹೇಳುತ್ತಿದ್ದೆ. ಮೂರು ತಿಂಗಳಿಗೆ ಶ್ರಾವಣ. ಅದೇ ನಾನು ಹಾಲಿನ ಬಟ್ಟಲು ಹಿಡಿದು ಕಟ್ಟೆಗೆ ಹೋಗುತ್ತಿದ್ದೆ. 12 ವರ್ಷ ಹೀಗೇ ನಡೆಯಿತು, ನನಗೆ ಏನೂ ಅನ್ನಿಸಿರಲಿಲ್ಲ. ನಾವು ಲಿಂಗಾಯತರು, ಕೊರಳಲ್ಲಿ ಧರಿಸುವ ಇಷ್ಟಲಿಂಗವೂ ಹಾಗೇ ಇತ್ತು. ಹುಟ್ಟಿದಾಗ ಕಟ್ಟಿದ್ದರು, ಆಮೇಲೆ ಕರಡಿಗೆ, ಅಂದರೆ ಅದನ್ನಿಡುವ ಪುಟ್ಟ ಡಬ್ಬಿ, ಸಮೇತ ಜಗುಲಿಯ ಮೇಲೆ ಕೂತುಬಿಟ್ಟಿತ್ತು.

ಒಂದು ವರ್ಷ, ನಮ್ಮ ಮಾವನವರು ತೀರಿಕೊಂಡ ಮೇಲೆ, ಅದನ್ನು ಇಳಿಸಿ ಕೊರಳಿಗೆ ಹಾಕಿಕೊಂಡು ದಿನಾ ಅಂಗೈಯಲ್ಲಿ ಇಟ್ಟುಕೊಂಡು ಕೂಡಲು ಶುರು ಮಾಡಿದೆ. ಮೊದಮೊದಲು ಹತ್ತು ನಿಮಿಷ. ಆಮೇಲೆ ಅದು ನನ್ನ ದಿನದ ನಟ್ಟನಡುವಿನ ಹೊತ್ತಾಯಿತು. ಆ ವರ್ಷದ ಪಂಚಮಿಯಲ್ಲಿ ಕಟ್ಟೆಯ ಮುಂದೆ ಬಗ್ಗಿದೆ, ಬಗ್ಗಿದಾಗ ಕೊರಳಿನ ಲಿಂಗ ಮುಂದೆ ಜೋತಾಡಿ ಕಲ್ಲಿಗೆ ತಾಗಿತು. ಟಕ್ ಅಂತ ಸಣ್ಣ ಸದ್ದು. ಹಾಲು ಹಾಕಿ ಬಂದೆ, ಆದರೆ ಅದೇ ಕೊನೆ.

ಹಾವು ಹಾಲು ಕುಡಿಯಲ್ಲ, ಅದಕ್ಕೆ ಹಾಲು ಅರಗಲ್ಲ ಅಂತ ಎಷ್ಟೋ ಜನ ಹೇಳುತ್ತಾರೆ. ನಿಜವೇ. ಹಾವು ಮೊಲೆಹಾಲು ಕುಡಿದು ಬೆಳೆಯುವ ಪ್ರಾಣಿಯಲ್ಲ, ನೀರು ಕೊಡದೆ ಬಾಯಾರಿಸಿದ ಹಾವು ಮುಂದೆ ಇಟ್ಟದ್ದನ್ನು ಕುಡಿಯುತ್ತದೆ ಅಷ್ಟೇ. ಹಾಲು ಹಾಳು ಮಾಡಬೇಡಿ, ಮಕ್ಕಳಿಗೆ ಕೊಡಿ ಅನ್ನುವುದೂ ನಿಜ. ಈಗ ಎಷ್ಟೋ ಊರುಗಳಲ್ಲಿ ಪಂಚಮಿ ದಿನ ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ಹಾಲು ಹಂಚುತ್ತಾರೆ, ಅದನ್ನು ನೋಡಿದರೆ ನನಗೆ ಖುಷಿಯಾಗುತ್ತದೆ. ಆದರೆ ನಾನು ಬಿಟ್ಟದ್ದಕ್ಕೆ ಅದು ಕಾರಣ ಅಲ್ಲ. ಅದೇ ಕಾರಣವಾಗಿದ್ದರೆ ಒಂದು ಚಮಚ ಹಾಲು ಹಾಕಿ ಉಳಿದದ್ದನ್ನು ಮಕ್ಕಳಿಗೆ ಕೊಡಬಹುದಿತ್ತು, ಎಲ್ಲರಿಗೂ ಸಮಾಧಾನ ಆಗುತ್ತಿತ್ತು.

ನನ್ನ ಕಾರಣ ಲಿಂಗ. ನಾವು ಪಾಲಿಸಬೇಕಾದ ಐದು ನಡೆಗಳಿಗೆ ಪಂಚಾಚಾರ ಅನ್ನುತ್ತೇವೆ, ಅವುಗಳಲ್ಲಿ ಮೊದಲನೆಯದು ಲಿಂಗಾಚಾರ. ಅಂಗೈಯಲ್ಲಿರುವ ಇಷ್ಟಲಿಂಗ ಒಂದನ್ನೇ ಪೂಜಿಸಬೇಕು, ಬೇರೆ ದೈವಕ್ಕೆ ಎರಗಬಾರದು. ಇದು ಒಣ ನಿಯಮ ಅನ್ನಿಸಬಹುದು. ದಿನಾ ಕೂತವರಿಗೆ ಹಾಗೆ ಅನ್ನಿಸಲ್ಲ. ನನಗೆ ಬೇಕಾದದ್ದನ್ನೆಲ್ಲ ಬೆಳಿಗ್ಗೆ ಒಬ್ಬನ ಹತ್ತಿರ ಹೇಳಿಕೊಂಡಿದ್ದೇನೆ, ಮತ್ತೆ ಹತ್ತು ಗಂಟೆಗೆ ಕಟ್ಟೆಗೆ ಹೋಗಿ ಇನ್ನೊಬ್ಬನಿಗೆ 'ನೀನೂ ಸ್ವಲ್ಪ ನೋಡಿಕೋ' ಅಂದರೆ, ಬೆಳಿಗ್ಗೆ ಹೇಳಿದ್ದು ಏನಾಯಿತು? ಅಲ್ಲಿ ನಂಬಿಕೆ ಅರ್ಧಕ್ಕೆ ನಿಂತಿತು ಅಂತಲೇ ಅಲ್ವಾ?

ಇನ್ನೊಂದು, ದಿನದ ವಿಷಯ. ಅಂದು ಇಂದು ಮತ್ತೊಂದು ಅನ್ನಬೇಡ, ಶಿವನಿಗೆ ಶರಣು ಅನ್ನುವವನಿಗೆ ದಿನ ಇಂದೇ ಅಂತ ಬಸವಣ್ಣ ಹೇಳುತ್ತಾರೆ. ಶುಭಲಗ್ನ ಇದೆ, ತಾರಾಬಲ ಇದೆ, ನಾಳೆಗಿಂತ ಇಂದೇ ಲೇಸು ಅಂತ ಹೇಳಿಬಿಡಿ ಅಂತ ಜೋಯಿಸರಿಗೇ ಹೇಳಿದವರು ಅವರು. ಅಂದರೆ ದೇವರು ಹೆಚ್ಚು ಹತ್ತಿರ ಬರುವ ದಿನ, ದೂರ ಹೋಗುವ ದಿನ ಅಂತ ಇಲ್ಲ. ನಾನು ಹಬ್ಬ ಬಿಟ್ಟೆ ಅಂದಾಗ ಜನ ಒಂದು ದಿನ ಕಡಿಮೆಯಾಯಿತು ಅಂತ ತಿಳಿಯುತ್ತಾರೆ. ನನಗೆ ಆದದ್ದು ಬೇರೆ, ಉಳಿದ ದಿನಗಳೂ ಅಷ್ಟೇ ದೊಡ್ಡವಾದವು. ಆಷಾಢದ ಒಂದು ಸುಮ್ನೆ ಮಂಗಳವಾರವೂ ಸ್ನಾನ ಮಾಡಿ, ಲಿಂಗ ಹಿಡಿದು ಕೂಡುವ ದಿನವೇ.

ಈಗ ಅಂಜಿಕೆಯ ಮಾತಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕಂದ್ರೆ ನಿಮ್ಮಲ್ಲಿ ಎಷ್ಟೋ ಜನ ತತ್ವ ಒಪ್ಪುತ್ತೀರಿ, ಬಿಡೋಕೆ ಮಾತ್ರ ಆಗುತ್ತಿಲ್ಲ. ನನಗೆ ಗೊತ್ತು.

ಮುಂದಿನ ಪಂಚಮಿಗೆ ನಮ್ಮ ಅತ್ತೆ 'ಹಾಲು ಹಾಕಾಕ ಹೋಗೂಣು ಬಾ' ಅಂದಾಗ 'ನಾ ಬರೂದಿಲ್ಲ ಅತ್ತಿ, ನನಗ ಲಿಂಗ ಒಂದ ಸಾಕು' ಅಂದೆ. ಅವರು ಜಗಳ ಮಾಡಲಿಲ್ಲ. 'ಹಂಗಂದ್ರ ಹೆಂಗವಾ, ಮನ್ಯಾಗ ಮಕ್ಕಳು ಮರಿ ಅದಾವು' ಅಂದು ಒಬ್ಬರೇ ಹೋದರು. ಎರಡು ತಿಂಗಳು ಕಳೆದಿರಲಿಲ್ಲ, ನಮ್ಮ ಮನೆಯವರಿಗೆ ಬೆನ್ನಿನಿಂದ ಪಕ್ಕೆಗೆ ಗುಳ್ಳೆ ಎದ್ದವು. ಸರ್ಪಸುತ್ತು. ಹೆಸರಲ್ಲೇ ಹಾವು ಇದೆ ನೋಡಿ. ಡಾಕ್ಟರು ಹೇಳಿದರು, ಸಣ್ಣವರಿದ್ದಾಗ ಆದ ಸೀತಾಳಿಸಿಡುಬಿನ ವೈರಸ್ ನರದಲ್ಲಿ ಸುಮ್ಮನೆ ಉಳಿದಿರುತ್ತದೆ, ಮೈಯ ಶಕ್ತಿ ಕುಗ್ಗಿದಾಗ ಮತ್ತೆ ಎದ್ದು ಆ ನರದ ದಾರಿಯಲ್ಲೇ ಗುಳ್ಳೆ ಏಳಿಸುತ್ತದೆ, ಅದಕ್ಕೇ ಪಟ್ಟಿ ಸುತ್ತಿದ ಹಾಗೆ ಕಾಣುತ್ತದೆ. ನನಗೆ ಎಲ್ಲ ತಿಳಿಯಿತು. ಆದರೂ ರಾತ್ರಿ ಅವರು ಉರಿ ತಡೆಯದೆ ನರಳುವಾಗ, ಎದ್ದು ಹೋಗಿ ಆ ಕಲ್ಲಿಗೆ ಒಂದು ಬಟ್ಟಲು ಹಾಲು ಹಾಕಿ ಬಂದುಬಿಡಲಾ ಅಂತ ಅನ್ನಿಸಿತ್ತು. ಅತ್ತೆ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಬಾಗಿಲ ಹತ್ತಿರ ಕೂತು ನನ್ನ ಮುಖ ನೋಡುತ್ತಿದ್ದರು. ಬಂದ ನೆಂಟರು ಅಂದರು. ಒಬ್ಬರಂತೂ ನನ್ನ ಎದುರಿಗೇ 'ಓದಿದವರ ಹಟಕ್ಕ ಗಂಡ ಅನುಭವಸಬೇಕು' ಅಂದರು.

ಆ ರಾತ್ರಿ ನಾನು ಲಿಂಗ ಹಿಡಿದುಕೊಂಡು ಕೂತೆ. ಪವಾಡ ಏನೂ ಆಗಲಿಲ್ಲ. ಗುಳ್ಳೆ ಒಣಗೋಕೆ ಮೂರು ವಾರ ಹಿಡಿಯಿತು, ನೋವು ಹೋಗೋಕೆ ಇನ್ನೂ ಜಾಸ್ತಿ ದಿನ. ಆದರೆ ಒಂದು ತಿಳಿಯಿತು. ನಾನು ಇಷ್ಟು ವರ್ಷ ಹಾಲು ಹಾಕಿದ್ದರಲ್ಲಿ ಪ್ರೀತಿ ಎಷ್ಟಿತ್ತೋ ಅಷ್ಟೇ ಅಂಜಿಕೆಯೂ ಇತ್ತು. ಹಾಕದಿದ್ದರೆ ಏನಾದರೂ ಆದೀತು ಅನ್ನುವ ಅಂಜಿಕೆ. ಮಕ್ಕಳಾಗದಿದ್ದರೆ ನಾಗದೋಷ, ಕಿವಿ ಸೋರಿದರೆ ನಾಗದೋಷ, ಮೈಮೇಲೆ ಬಿಳಿ ಮಚ್ಚೆ ಬಂದರೆ ನಾಗದೋಷ. ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಅಂತ ಐದು ಸೂತಕಗಳನ್ನೂ ಒಪ್ಪಲಿಲ್ಲ. ಹೆಣ್ಣುಮಕ್ಕಳ ಮೈಮೇಲಿನ ಇಷ್ಟೊಂದು ಅಂಜಿಕೆ ಒಂದೇ ಏಟಿಗೆ ಇಳಿಸಿದವರು ಅವರು. ಅದನ್ನು ಪಂಚಮಿಯ ನೆಪದಲ್ಲಿ ನಾನೇ ಮತ್ತೆ ಹೊತ್ತುಕೊಳ್ಳಬೇಕಾ?

ಆದರೆ ನಮ್ಮ ಅವ್ವ, ಅತ್ತೆ ಇವರನ್ನು ತಿಳಿಗೇಡಿಗಳು ಅಂತ ಯಾರಾದರೂ ಅಂದರೆ ನನಗೆ ಬಹಳ ಸಿಟ್ಟು ಬರುತ್ತದೆ. ವಚನಗಳು ಅವರ ಕೈಗೆ ಬಂದಿದ್ದು ಯಾವಾಗ? ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿ, ವಚನಗಳ ಮೊದಲ ದೊಡ್ಡ ಸಂಗ್ರಹವನ್ನು ಅಚ್ಚಿಗೆ ತಂದದ್ದು 1923ರಲ್ಲಿ. ಬಸವ ಜಯಂತಿಯನ್ನು ಹರ್ಡೇಕರ ಮಂಜಪ್ಪನವರು ದಾವಣಗೆರೆಯಲ್ಲಿ ಸಾರ್ವಜನಿಕವಾಗಿ ಶುರು ಮಾಡಿದ್ದು 1913ರಲ್ಲಿ. ಅದಕ್ಕೂ ಮುಂಚೆ ಎಷ್ಟೋ ಮನೆಗಳಲ್ಲಿ ತಾಳೆಗರಿ ಕಟ್ಟಿಗೇ ಪೂಜೆ ಮಾಡುತ್ತಿದ್ದರು, ಬಿಚ್ಚಿ ಓದುತ್ತಿರಲಿಲ್ಲ. ನಮ್ಮ ಅಜ್ಜಿಗೆ ಅಕ್ಷರವೇ ಬರುತ್ತಿರಲಿಲ್ಲ. ಅವರು ಹೇಗೆ ಬಿಡಬೇಕಿತ್ತು ಹೇಳಿ?

ನಾನು ಇತಿಹಾಸ ಕಲಿಸಿದವಳು, ಅದಕ್ಕೆ ಬೇರೆ ದೇಶದ ಒಂದು ಮಾತು ಹೇಳುತ್ತೇನೆ. ಹಬ್ಬ ಬಿಟ್ಟವರು ನಾವೊಬ್ಬರೇ ಅಲ್ಲ. ಇಂಗ್ಲೆಂಡಿನಲ್ಲಿ ಪ್ಯೂರಿಟನ್ನರು ಅಂತ ಇದ್ದರು, ಗಟ್ಟಿ ಕ್ರೈಸ್ತರು. ಬೈಬಲಿನಲ್ಲಿ ಕ್ರಿಸ್ಮಸ್ ಆಚರಿಸಿ ಅಂತ ಎಲ್ಲೂ ಇಲ್ಲ, ಏಸು ಹುಟ್ಟಿದ ತಾರೀಕೂ ಇಲ್ಲ, ಇದು ಮನುಷ್ಯರು ಸೇರಿಸಿದ್ದು ಅಂತ ಅವರು ಬಿಟ್ಟರು. ಅಲ್ಲಿಯವರೆಗೆ ಅವರ ಮಾತು ನನಗೆ ಪೂರ್ತಿ ಅರ್ಥವಾಗುತ್ತದೆ. ಆದರೆ ಅವರ ಕೈಗೆ ಅಧಿಕಾರ ಬಂತು. 1647ರಲ್ಲಿ ಪಾರ್ಲಿಮೆಂಟು ಕ್ರಿಸ್ಮಸ್, ಈಸ್ಟರ್ ಎಲ್ಲ ರದ್ದು ಮಾಡಿತು. ಆ ಡಿಸೆಂಬರಿನಲ್ಲಿ ಕ್ಯಾಂಟರ್ಬರಿಯಲ್ಲಿ ಅಂಗಡಿ ತೆರೆಯಲೇಬೇಕು ಅಂತ ಒತ್ತಾಯ ಮಾಡಿದ್ದಕ್ಕೆ ದೊಂಬಿಯೇ ಆಯಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಲ್ಲಿ ಕಾನೂನು ಮಾಡಿ ಕ್ರಿಸ್ಮಸ್ ಆಚರಿಸಿದವರಿಗೆ 5 ಶಿಲ್ಲಿಂಗ್ ದಂಡ ಇಟ್ಟರು, 1681ರಲ್ಲಿ ಅದನ್ನು ತೆಗೆಯಬೇಕಾಯಿತು. ಸ್ಕಾಟ್ಲೆಂಡಿನಲ್ಲಂತೂ ಆ ನಂಬಿಕೆ ಎಷ್ಟು ಆಳಕ್ಕೆ ಇಳಿದಿತ್ತು ಅಂದರೆ ಕ್ರಿಸ್ಮಸ್‌ಗೆ ಸಾರ್ವಜನಿಕ ರಜೆ ಸಿಕ್ಕಿದ್ದೇ 1958ರಲ್ಲಿ. ಅವರು ತಾವು ಹಬ್ಬ ಬಿಟ್ಟಿದ್ದು ಭಕ್ತಿಯಿಂದ. ಪಕ್ಕದ ಮನೆಯವನಿಗೆ ದಂಡ ಹಾಕಿದ್ದು ಭಕ್ತಿ ಅಂತ ನಾನು ಒಪ್ಪಲ್ಲ.

ಈ ತಪ್ಪನ್ನು ಸಣ್ಣ ಪ್ರಮಾಣದಲ್ಲಿ ನಾನೂ ಮಾಡಿದ್ದೇನೆ. ನನ್ನ ಮಗಳು ಆಗ ಎರಡನೇ ಇಯತ್ತೆ. ಅಜ್ಜಿ ಜೊತೆ ಕಟ್ಟೆಗೆ ಹೋಗುತ್ತೇನೆ ಅಂದಳು. ನಾನು ಬೇಡ ಅಂದೆ, ಜೋಕಾಲಿಗೂ ಬೇಡ ಅಂದೆ, ಹಬ್ಬದ್ದು ಅಂತ ಆ ವರ್ಷ ಉಂಡಿಯನ್ನೂ ಕಟ್ಟಲಿಲ್ಲ. ಬಿಟ್ಟ ಮೇಲೆ ಪೂರ್ತಿ ಬಿಡಬೇಕು ಅಂತ ನನ್ನ ವಾದ. ಇಡೀ ಓಣಿ ಬೇವಿನ ಮರದ ಕೆಳಗಿತ್ತು. ಅವಳು ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದಳು. ಅಳಲಿಲ್ಲ. ನನ್ನ ನಾದಿನಿ ತವರಿಗೆ ಅಂತ ಬಂದವಳು ಎರಡೇ ದಿನಕ್ಕೆ ವಾಪಸ್ ಹೊರಟಳು, 'ವೈನಿ, ನಿನ್ನ ದೇವ್ರು ನಿನಗ ಇರ್ಲಿ, ನನ್ನ ತವರುಮನಿ ನನಗ ಇರ್ಲಿ' ಅಂದಳು. ಅದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆ ಮೇಲೆ ಕೂತು ಒಂದೊಂದನ್ನೇ ಬಿಡಿಸಿ ನೋಡಿದೆ. ಜೋಕಾಲಿಯಲ್ಲಿ ಯಾವ ದೈವವಿದೆ? ಉಂಡಿಯಲ್ಲಿ ಬೆಲ್ಲ, ಶೇಂಗಾ ಇದೆ. ಅಣ್ಣ ತಂಗಿಯನ್ನು ಕರೆತರುವುದರಲ್ಲಿ, ಆಕೆ ನಾಲ್ಕು ದಿನ ನೀರು ಹೊರದೆ, ರೊಟ್ಟಿ ಬಡಿಯದೆ ಅವ್ವನ ಪಕ್ಕದಲ್ಲಿ ಮಲಗುವುದರಲ್ಲಿ ಲಿಂಗಾಚಾರಕ್ಕೆ ಅಡ್ಡ ಬರುವಂಥದ್ದು ಏನೂ ಇಲ್ಲ. ಎಲ್ಲೆ ಎಲ್ಲಿದೆ ಅಂದರೆ ಹಾಲಿನ ಬಟ್ಟಲಿನಲ್ಲಿ. ಅಷ್ಟೇ ನಾನು ಬಿಟ್ಟದ್ದು. ಉಳಿದದ್ದನ್ನು ಮರುವರ್ಷದಿಂದ ಮೊದಲಿಗಿಂತ ಜೋರಾಗಿ ಮಾಡಿದೆ. ನಾದಿನಿಯನ್ನು ಕರೆಯೋಕೆ ನಾನೇ ಹೋದೆ. ಮಗಳಿಗೂ ಹೇಳಿದೆ, ಅಜ್ಜಿ ಜೊತೆ ಹೋಗೋದಾದರೆ ಹೋಗು, ದೊಡ್ಡವಳಾದ ಮೇಲೆ ಓದಿ ನೀನೇ ತೀರ್ಮಾನ ಮಾಡು.

ನಮ್ಮಲ್ಲೇ ಕೆಲವರು ಆ ದಿನವನ್ನು ಬಸವ ಪಂಚಮಿ ಅಂತ ಮಾಡುತ್ತಾರೆ, ಬಸವಣ್ಣ ಲಿಂಗೈಕ್ಯರಾದ ದಿನ ಅಂತ. ನಾನು ಅವರ ಜೊತೆ ಕೂಡುತ್ತೇನೆ, ವಚನ ಹೇಳುತ್ತೇನೆ. ಆದರೆ ನನಗೆ ಒಂದು ಕಳವಳ ಇದೆ, ಮುಚ್ಚಿಡುವುದಿಲ್ಲ. ಒಂದು ಕಲ್ಲಿನ ಜಾಗದಲ್ಲಿ ಬಸವಣ್ಣನ ಮೂರ್ತಿ ಇಟ್ಟು ಅದಕ್ಕೇ ಹಾಲು ಸುರಿದರೆ, ದಿನ ಇಂದೇ ಅಂದ ಮನುಷ್ಯನಿಗೆ ನಾವೇನು ಮಾಡಿದ ಹಾಗಾಯಿತು? ಸ್ವಲ್ಪ ಯೋಚನೆ ಮಾಡಿ.

ಹೊರಗಿನ ಮಾತು ಒಂದೆರಡು. ಗಣಪತಿ ಪಟ್ಟಿ ಕೇಳೋಕೆ ಹುಡುಗರು ಬರುತ್ತಾರೆ. ಪೂಜೆಗೆ ಕೊಡಲ್ಲಪ್ಪಾ, ಊಟಕ್ಕೆ ಅಕ್ಕಿ ಕೊಡುತ್ತೇನೆ ಅನ್ನುತ್ತೇನೆ, ಅವರು ತೆಗೆದುಕೊಂಡು ಹೋಗುತ್ತಾರೆ. ಪಕ್ಕದ ಮನೆಯವರು ಪ್ರಸಾದ ತಂದರೆ ಕೈಯೊಡ್ಡಿ ತೆಗೆದುಕೊಂಡು ತಿನ್ನುತ್ತೇನೆ. ಅದು ಅವರ ಪ್ರೀತಿ. ಬೇಡ ಅನ್ನುವವರೂ ನಮ್ಮಲ್ಲಿದ್ದಾರೆ, ಅವರ ನಿಷ್ಠೆ ಅವರದು.

ನನ್ನ ತರಗತಿಯಲ್ಲಿ ಒಂದು ವರ್ಷ ಯೆಹೋವನ ಸಾಕ್ಷಿಗಳ ಮನೆಯ ಹುಡುಗಿ ಇದ್ದಳು. ಅವರು ಕ್ರೈಸ್ತರಾದರೂ ಕ್ರಿಸ್ಮಸ್ ಮಾಡಲ್ಲ, ಹುಟ್ಟುಹಬ್ಬವನ್ನೂ ಮಾಡಲ್ಲ. ಯಾರೋ ಹುಟ್ಟುಹಬ್ಬಕ್ಕೆ ಚಾಕಲೇಟ್ ಹಂಚಿದಾಗ ಆಕೆ ಬೇಡ ಅಂದಿದ್ದಕ್ಕೆ ಉಳಿದ ಮಕ್ಕಳು ಸೊಕ್ಕು ಅಂದರು. ಅವತ್ತು ಪಾಠ ನಿಲ್ಲಿಸಿ 1986ರ ಸುಪ್ರೀಂ ಕೋರ್ಟ್ ತೀರ್ಪಿನ ಕಥೆ ಹೇಳಿದೆ. ಕೇರಳದಲ್ಲಿ ಇದೇ ನಂಬಿಕೆಯ ಮೂರು ಮಕ್ಕಳು ರಾಷ್ಟ್ರಗೀತೆಗೆ ಮರ್ಯಾದೆಯಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆಯಿಂದ ತೆಗೆದುಹಾಕಿದರು. ಸಂವಿಧಾನದ 25ನೇ ವಿಧಿ ಕೊಟ್ಟ ಆತ್ಮಸಾಕ್ಷಿಯ ಸ್ವಾತಂತ್ರ್ಯದ ಮೇಲೆ ಕೋರ್ಟು ಅವರನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ನಮ್ಮ ಪರಂಪರೆ ಸಹನೆ ಕಲಿಸುತ್ತದೆ, ನಮ್ಮ ಸಂವಿಧಾನ ಅದನ್ನು ನಡೆಸಿ ತೋರಿಸುತ್ತದೆ, ಅದನ್ನು ತೆಳುವಾಗಲು ಬಿಡಬಾರದು ಅನ್ನುವ ಅರ್ಥದ ಮಾತಿನಿಂದ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ತೀರ್ಪು ಮುಗಿಸುತ್ತಾರೆ. ಆ ಹುಡುಗಿ ತಲೆ ಎತ್ತಿ ಕೂತಳು. ಅವಳ ನಂಬಿಕೆ ಬೇರೆ, ನನ್ನದು ಬೇರೆ. ಆದರೆ ಎಲ್ಲರೂ ಕೈಚಾಚಿದಾಗ ಒಬ್ಬಳೇ ಕೈ ಹಿಂದೆ ಇಟ್ಟುಕೊಂಡು ಕೂಡುವುದು ಎಷ್ಟು ಕಷ್ಟ ಅಂತ ಆ ತರಗತಿಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು, 'ನಿಮ್ಮ ಅತ್ತಿಯವರು ಒಪ್ಪಿದ್ರೇನ್ರಿ?'

ಒಪ್ಪಲಿಲ್ಲ. ಕೊನೆಯವರೆಗೂ ಹಾಕಿದರು. ಕೊನೆಯ ಪಂಚಮಿಗೆ ಅವರಿಗೆ ಮೊಣಕಾಲು ಹಿಡಿದು ನಡೆಯೋಕೆ ಆಗುತ್ತಿರಲಿಲ್ಲ. ಬಟ್ಟಲು ತೊಳೆದು ಇಟ್ಟುಕೊಂಡು ಸುಮ್ಮನೆ ಕೂತಿದ್ದರು, ನನ್ನನ್ನು ಕೇಳಲಿಲ್ಲ. ನಾನೇ 'ನಡೀರಿ ಅತ್ತಿ' ಅಂದು ರಟ್ಟೆ ಹಿಡಿದು ಕರೆದುಕೊಂಡು ಹೋದೆ. ಕಟ್ಟೆಯ ಹತ್ತಿರ ಅವರ ಸೊಂಟ ಹಿಡಿದು ನಿಂತೆ, ನಾನು ಬಗ್ಗಲಿಲ್ಲ. ಕೊಬ್ಬರಿ ಚೂರು ಅದ್ದಿ ಅದ್ದಿ ಹಾಕಿದರು. ದೇವರ ಪಾಲು. ಗುರುವಿನ ಪಾಲು. ತೀರಿಕೊಂಡ ಮಾವನ ಪಾಲು. ಮಗನ ಪಾಲು, ಮಗಳ ಪಾಲು, ಮೊಮ್ಮಗಳ ಪಾಲು. ಬಟ್ಟಲಿನಲ್ಲಿ ಇನ್ನೂ ಸ್ವಲ್ಪ ಹಾಲಿತ್ತು. ನನ್ನ ಕಡೆ ತಿರುಗಿ, 'ನೀ ಹಾಕಬ್ಯಾಡ. ಬಿಟ್ಟೀದಿ, ಬಿಟ್ಟೀದಿ. ನಿನ್ನ ಪಾಲಿಂದು ವರ್ಷಾ ನಾನ ಹಾಕೀನಿ, ಈಗೂ ಹಾಕತೀನಿ' ಅಂದರು.

ನಾನು ಬೇಡ ಅನ್ನಲಿಲ್ಲ. ಅವರು ಹಾಕಿ ಮುಗಿಸುವವರೆಗೂ ಹಿಡಿದುಕೊಂಡೇ ನಿಂತಿದ್ದೆ. ಆಮೇಲೆ ಇಬ್ಬರೂ ನಿಧಾನಕ್ಕೆ ಮನೆಗೆ ಬಂದೆವು, ಬೇವಿನ ಮರದ ಹತ್ತಿರ ಜೋಕಾಲಿ ನೋಡುತ್ತಾ ಸ್ವಲ್ಪ ಹೊತ್ತು ಕೂತಿದ್ದೆವು.